ಬಟವಾಡೆಯ ಸಂಜೆ ಜೀಪಿನ ಬೀಗದ ಕೈ



ಕಾಫಿ ಕೊಯ್ಲು ಮುಗಿದ ದಿನ, ಅಡಿಕೆ ಕೊನೆ ಇಳಿಸಿದ ದಿನ ಆಳುಗಳಿಗೆ ಬಟವಾಡೆಯ ಜೊತೆಗೆ ಊಟ ಹಾಕಿಸಿ ಒಂದಿಷ್ಟು ಕುಡಿಯಲು ಕೊಡುವುದು ನಮ್ಮಲ್ಲಿ ಹಲವರ ರೂಢಿ. ಅದರ ಒಳಿತು ಕೆಡುಕು ಬೇರೆಯೇ ಮಾತು. ಆದರೆ ಆ ಪಂಕ್ತಿಯಲ್ಲಿ ಜೀಪಿನ ಡ್ರೈವರನೂ ಕುಳಿತಿರುತ್ತಾನೆ. ಅವನ ಲೋಟಕ್ಕೆ ಸುರಿಯುವವರು ನಾವು. ಆಮೇಲೆ ಹತ್ತಾರು ಜನರನ್ನು ಹತ್ತಿಸಿ, "ನಿಧಾನಕ್ಕೆ ಹೋಗು ಮಾರಾಯ" ಎಂದು ಕತ್ತಲಲ್ಲಿ ಕಳಿಸುವವರೂ ನಾವೇ. ಮಂಜು ಕವಿದ ಘಾಟಿ ತಿರುವಿಗೆ ಈ ಮಾತು ಕೇಳಿಸುವುದಿಲ್ಲ.

ಮದ್ಯ ಮಾರಾಟದ ಕಾನೂನು ರಾಜ್ಯಕ್ಕೊಂದು ಬಗೆ ಇರಬಹುದು. ಕುಡಿದು ವಾಹನ ನಡೆಸುವುದಕ್ಕೆ ಮಾತ್ರ ದೇಶಕ್ಕೆಲ್ಲ ಒಂದೇ ಕಾನೂನು, 1988ರ ಮೋಟಾರು ವಾಹನ ಕಾಯ್ದೆ. ಉಸಿರಿನ ಪರೀಕ್ಷೆಯಲ್ಲಿ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದೆಯೆಂದು ಕಂಡರೆ ಅದರ 185ನೇ ಕಲಮಿನಂತೆ ಅಪರಾಧ. "ನೆಟ್ಟಗೆ ನಡೆಯುತ್ತೇನಲ್ಲ" ಎಂಬ ವಾದ ನಡೆಯದು. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ಅಥವಾ ಎರಡು ವರ್ಷದವರೆಗೆ ಸಜೆ, ಇಲ್ಲವೇ ಎರಡೂ.

ಇದು ಡ್ರೈವರನ ಪಾಡು ಎಂದು ಸುಮ್ಮನಿರುವ ಹಾಗಿಲ್ಲ. ಇಂಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎನ್ನುತ್ತದೆ 188ನೇ ಕಲಮು. ಕುಡಿಸಿ, ಗೊತ್ತಿದ್ದೂ ಬೀಗದ ಕೈ ಕೊಟ್ಟ ಮಾಲೀಕ ಯಾವ ಮುಖದಿಂದ ತಪ್ಪಿಲ್ಲವೆನ್ನುತ್ತಾನೆ? ಇನ್ನು ವಿಮೆ. ಪರಿಹಾರದ ಹೊಣೆ ತಪ್ಪಿಸಿಕೊಳ್ಳಲು ವಿಮಾ ಕಂಪನಿ ಹೂಡಬಹುದಾದ ತಕರಾರುಗಳಲ್ಲಿ ಡ್ರೈವರ್ ಕುಡಿದಿದ್ದ ಎಂಬುದನ್ನೂ ಅದೇ ತಿದ್ದುಪಡಿ ಸೇರಿಸಿದೆ. ಹೊರೆ ನಮ್ಮ ತಲೆಗೆ ಬಂದರೆ ಎರಡು ಎಕರೆಯವನು ತೋಟ ಮಾರಬೇಕಾದೀತು. ಹೋದ ಜೀವವಂತೂ ಯಾವ ದುಡ್ಡಿಗೂ ಬಾರದು.

"ಕೊಡದಿದ್ದರೆ ಆಳು ಪಕ್ಕದ ತೋಟಕ್ಕೆ ಹೋಗುತ್ತಾರೆ" ಎನ್ನುವವರಿದ್ದಾರೆ. ಈ ಭಯ ಸುಳ್ಳಲ್ಲ. ಅದಕ್ಕೇ ಇದು ಒಬ್ಬರಿಂದ ಆಗುವ ಕೆಲಸವಲ್ಲ. ಊರಿನ ಬೆಳೆಗಾರರೆಲ್ಲ ಕೂಡಿ ಮಾಡಿಕೊಳ್ಳಬೇಕಾದ ಕಟ್ಟಳೆ. ಡ್ರೈವರನ ಪಾಲನ್ನು ದುಡ್ಡಾಗಿಯೇ ಅವನ ಕೈಗಿಡೋಣ. ತಪ್ಪಿ ಕುಡಿದಿದ್ದರೆ ಜೀಪು ಅಂಗಳದಲ್ಲೇ ನಿಲ್ಲಲಿ, ಜನ ಆ ರಾತ್ರಿ ನಮ್ಮಲ್ಲೇ ಮಲಗಲಿ. ಮದುವೆಮನೆಯಿಂದ ಹೊರಡುವಾಗ ನಮಗೂ ಇದೇ ಕಟ್ಟಳೆ ಇರಲಿ. ಯಜಮಾನನೇ ಕುಡಿದು ಸ್ಟಿಯರಿಂಗ್ ಹಿಡಿದರೆ ಆಳಿಗೆ ಬುದ್ಧಿ ಹೇಳಲು ಬಾಯಿ ಎಲ್ಲಿಂದ ಬಂದೀತು?