ಸ್ಪೇಸ್ ಒತ್ತಿದರೆ ಸರ್ವರ್ ಬೀಳುತ್ತಾ?

ಬೀಳುತ್ತೆ ಕಣ್ರೀ! 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಮಲಗಿತ್ತು. ಹ್ಯಾಕರ್ ಯಾರೂ ಬಂದಿರಲಿಲ್ಲ... ಒಂದು ಪೋಸ್ಟಿನ ಸಾಲಿನ ನಡುವೆ ಸುಮಾರು 20,000 ಸ್ಪೇಸ್‌ಗಳಿದ್ದವು, ಅಷ್ಟೇ. ಸಾಲಿನ ಕೊನೆಯ ಸ್ಪೇಸ್ ಕತ್ತರಿಸಬೇಕಿದ್ದ ರೆಗ್ಯುಲರ್ ಎಕ್ಸ್‌ಪ್ರೆಶನ್, ಒಂದೊಂದು ಸ್ಪೇಸಿನಿಂದಲೂ ಹೊಸದಾಗಿ ಶುರುಮಾಡಿ ಸುಮಾರು 20 ಕೋಟಿ ಸಲ ತಡಕಾಡಿತು.

ಇಂಥದ್ದಕ್ಕೆಲ್ಲ 'ದಾಳಿ' ಅಂತ ಹೆಸರಿಟ್ಟು ಕೈತೊಳೆದುಕೊಂಡರೆ ಹೇಗೆ? ಬಾಗಿಲು ತೆರೆದಿಟ್ಟವರು ನಾವೇ. ಪಠ್ಯ ದುಪ್ಪಟ್ಟಾದರೆ ಸಮಯವೂ ದುಪ್ಪಟ್ಟಷ್ಟೇ ಆಗುವ ದಾರಿಯನ್ನು ಕೆನ್ ಥಾಮ್ಸನ್ 1968ರಲ್ಲೇ ತೋರಿಸಿದ್ದರು. ಪೈಥಾನ್, ಜಾವಾಗಳ ಮಾಮೂಲಿ ಎಂಜಿನ್‌ಗಳು ಇನ್ನೂ ಆ ದಾರಿ ಹಿಡಿದಿಲ್ಲ. ನಾವೋ, ಎಲ್ಲಿಂದಲೋ ಕಾಪಿ ಹೊಡೆದ ಪ್ಯಾಟರ್ನ್ ಅಂಟಿಸಿ ಸುಮ್ಮನಾಗ್ತೀವಿ.

2023ರಲ್ಲಿ ಜಾಂಗೋ ತನ್ನ ಈಮೇಲ್ ತಪಾಸಣೆಗೆ 320 ಅಕ್ಷರಗಳ ಮಿತಿ ಹಾಕಿತು. ಎರಡು ಸಾಲಿನ ಕೆಲಸ! ಅಷ್ಟನ್ನೂ ಮಾಡದೆ ಬಳಕೆದಾರನನ್ನು ಬೈಯೋದು ಯಾವ ಸೀಮೆ ಇಂಜಿನಿಯರಿಂಗು?

ನಿಮ್ಮ ಕೋಡಲ್ಲಿ ಈ ಮಿತಿ ಇದೆಯಾ? ಇವತ್ತೇ ನೋಡಿ.