ತಾಯಿ ಇರುವ ಮಗುವಿಗೆ ದತ್ತಕವೇಕೆ?

ಸರ್ಕಾರದವರು ಆರಿಸಿಕೊಳ್ಳುವ ಶಬ್ದಗಳನ್ನು ಕಂಡರೆ ನನಗೆ ಒಮ್ಮೊಮ್ಮೆ ನಗು ಬರುತ್ತದೆ, ಒಮ್ಮೊಮ್ಮೆ ಮೈ ಉರಿಯುತ್ತದೆ. ‘ದತ್ತು’ ಅಂಥದೊಂದು ಶಬ್ದ. ಕೆರೆಯನ್ನು ದತ್ತು ಕೊಡುತ್ತಾರೆ, ಶಾಲೆಯನ್ನು ದತ್ತು ಕೊಡುತ್ತಾರೆ, ಮೃಗಾಲಯದ ಹುಲಿಯನ್ನೂ ಕೊಡುತ್ತಾರೆ. ಈಗ ಸ್ಮಾರಕಗಳ ಸರದಿ. 2018ರಲ್ಲಿ ದೆಹಲಿಯ ಕೆಂಪುಕೋಟೆಯನ್ನೇ ಐದು ವರ್ಷಕ್ಕೆ, 25 ಕೋಟಿ ರೂಪಾಯಿಯ ಲೆಕ್ಕದಲ್ಲಿ ಒಂದು ಸಿಮೆಂಟ್ ಕಂಪನಿಯ ಮಡಿಲಿಗೆ ಹಾಕಿದರು. ದತ್ತು ಎಂದರೆ ಏನೆಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಕೊಟ್ಟ ಮೇಲೆ ಮಗುವಿನ ಗೋತ್ರ ಬದಲಾಗುತ್ತದೆ, ಮನೆತನ ಬದಲಾಗುತ್ತದೆ. ಹೆತ್ತವಳು ಆ ಮನೆಗೆ ನೆಂಟಳಾಗಿ ಹೋಗಿ, ಕಾಫಿ ಕುಡಿದು, ಹಿಂದಿರುಗಬೇಕು.

ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೂ 2015ರಲ್ಲಿ ಇದೇ ಗತಿ ಬರುವುದರಲ್ಲಿತ್ತು. ಪ್ರವಾಸೋದ್ಯಮ ಇಲಾಖೆಯವರು ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡರು. ಸುದ್ದಿ ತಿಳಿದ ಕಲಾವಿದರು ಬೀದಿಗಿಳಿದರು. 2016ರಲ್ಲಿ ಗ್ಯಾಲರಿಯ ಮುಂದೆ ಕೈ ಕೈ ಹಿಡಿದು ನಿಂತರು, ಚಿತ್ರ ಬರೆದರು, ಹಾಡಿದರು. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿಬಂದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ದುಡ್ಡಿರುವವರು ಚೆನ್ನಾಗಿ ನೋಡಿಕೊಳ್ತಾರೆ ಬಿಡಿ ಮೇಡಂ. ಸರ್ಕಾರ ನೋಡಿಕೊಂಡಿದ್ದು ಕಾಣಲ್ವೆ?” ಈ ಮಾತಿಗೆ ಉತ್ತರ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕಟ್ಟಡ ಏನೆಂದು ತಿಳಿಯಬೇಕು. ಕಸ್ತೂರಬಾ ರಸ್ತೆಯ ಕೆಂಪು ಮ್ಯೂಸಿಯಂ ಹಲವರಿಗೆ ಗೊತ್ತು. ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯರ ಮುತುವರ್ಜಿಯಿಂದ 1865ರಲ್ಲಿ ಶುರುವಾದ ಸಂಗ್ರಹ ಅದು. ಈಗಿನ ಕಟ್ಟಡ 1877ರದು. ಆತಕೂರಿನ ಶಾಸನ ಸೇರಿರುವುದು ಅಲ್ಲಿಗೇ. ಗಂಗರ ಬೂತುಗನ ಬಂಟ ಮಣಲೇರ, ಬಹುಮಾನ ಏನು ಬೇಕೆಂದರೆ ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನೆಡಿಸಿದರು. ಸಾವಿರ ವರ್ಷ ದಾಟಿದ ಕಲ್ಲು. ನಾನು ತರಗತಿಯಲ್ಲಿ ಈ ಕಥೆ ಹೇಳಿದರೆ ಕೊನೆಯ ಬೆಂಚಿನ ಹುಡುಗರೂ ಕಿವಿ ನೆಟ್ಟಗೆ ಮಾಡುತ್ತಾರೆ.

ಈ ಮ್ಯೂಸಿಯಮ್ಮಿನ ಪಕ್ಕದಲ್ಲಿ, ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡ ಮೇಲೆ, ಅವರ ಕೃತಿಗಳಿಗೆಂದು ಸರ್ಕಾರ ಕಟ್ಟಿಸಿದ್ದು ಈ ಗ್ಯಾಲರಿ. 1970ರ ದಶಕದಲ್ಲಿ ಅದು ಜನರಿಗೆ ತೆರೆಯಿತು. ವೆಂಕಟಪ್ಪನವರದು ಮೈಸೂರಿನ ಚಿತ್ರಗಾರ ಮನೆತನ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕಲ್ಕತ್ತೆಗೆ, ಅವನೀಂದ್ರನಾಥ ಠಾಕೂರರ ಬಳಿ ಕಲಿಯಲು ಕಳಿಸಿದರು. ನಂದಲಾಲ್ ಬಸು ಅವರ ಸಹಪಾಠಿ. ಊಟಿ, ಕೊಡೈಕನಾಲಿನ ಬೆಟ್ಟಗಳನ್ನು ಅವರು ಜಲವರ್ಣದಲ್ಲಿ ಬರೆದಿದ್ದಾರೆ. ಮಂಜು ಏಳುವುದನ್ನೂ ಮೋಡ ಒಡೆಯುವುದನ್ನೂ ಅಷ್ಟು ಸಾವಧಾನವಾಗಿ ನೋಡಿದವರು ನಮ್ಮಲ್ಲಿ ವಿರಳ. ಪ್ಲಾಸ್ಟರ್‌ನಲ್ಲಿ ಉಬ್ಬು ಶಿಲ್ಪ ಮಾಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಅದರ ಹುಚ್ಚು ಎಷ್ಟಿತ್ತೆಂದರೆ ಆ ಹುಚ್ಚನ್ನೇ ಚಿತ್ರವಾಗಿ ಬರೆದರು. ಮದುವೆಯಾಗಲಿಲ್ಲ. (ಗಂಡಸು ಕಲೆಗಾಗಿ ಮದುವೆ ಬಿಟ್ಟರೆ ತಪಸ್ವಿ, ಹೆಂಗಸು ಬಿಟ್ಟರೆ ಏನೆನ್ನುತ್ತಾರೆಂದು ನಿಮಗೇ ಗೊತ್ತು. ಅದಿರಲಿ.)

ಆದರೆ ಈ ವಾದಕ್ಕೆ ಬಹಳ ಬೇಕಾದ ಸಂಗತಿ ಬೇರೆ ಇದೆ. ಆಶ್ರಯ ಕೊಟ್ಟ ಮಹಾರಾಜರು 1940ರಲ್ಲಿ ತೀರಿಕೊಂಡರು. ಅರಮನೆಯ ಕೆಲಸ ನಿಂತಿತು. ತಮಗೆ ಸಲ್ಲಬೇಕಾದ ಹಣಕ್ಕಾಗಿ ವೆಂಕಟಪ್ಪನವರು ಅರಮನೆಯ ಮೇಲೆಯೇ ನ್ಯಾಯಾಲಯಕ್ಕೆ ಹೋದರು, ಸೋತರು. ನಾಲ್ವಡಿಯವರಂಥ ದೊಡ್ಡ ಮನಸ್ಸಿನ ದೊರೆಯ ಆಶ್ರಯವೇ ದೊರೆಯ ಉಸಿರಿರುವ ತನಕ ಮಾತ್ರ. ಹಾಗಿರುವಾಗ ಐದೋ ಹತ್ತೋ ವರ್ಷದ ಕರಾರು ಬರೆದುಕೊಡುವ ಕಂಪನಿಯ ಪ್ರೀತಿಗೆ ಎಷ್ಟು ಆಯುಸ್ಸು? ಲಾಭ ಇಳಿದ ವರ್ಷ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಮನೆ ಖರ್ಚು ನಿಭಾಯಿಸುವವಳಿಗೆ ಇದು ಅರ್ಥವಾಗದ ಲೆಕ್ಕವಲ್ಲ.

ಇನ್ನು ‘ಸರ್ಕಾರ ನೋಡಿಕೊಂಡಿದ್ದು ಕಾಣಲ್ವೆ’ ಎನ್ನುವ ಮಾತು. ಕಾಣುತ್ತದೆ. ಮಂದ ಬೆಳಕು, ಧೂಳು ಹಿಡಿದ ಗಾಜು, ಚಿತ್ರದ ಕೆಳಗೆ ಎರಡೇ ಸಾಲಿನ ಚೀಟಿ, ವಿವರಿಸುವವರಿಲ್ಲ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಕಂಡಿದ್ದೇನೆ. ಆದರೆ ಈ ಬಡತನ ಆಕಾಶದಿಂದ ಬಿದ್ದದ್ದೆ? ಸೊಸೆಗೆ ಹೊಟ್ಟೆತುಂಬ ಅನ್ನ ಹಾಕದೆ, ಆಮೇಲೆ ‘ಸೊರಗಿದ್ದಾಳೆ, ತವರಿಗೆ ಕರೆದುಕೊಂಡು ಹೋಗಿ’ ಎನ್ನುವ ಅತ್ತೆಯನ್ನು ನಾವು ನೋಡಿಲ್ಲವೆ? ಹುದ್ದೆ ತುಂಬದೆ, ದುರಸ್ತಿಗೆ ಹಣ ಕೊಡದೆ ಸೊರಗಿಸಿದವರೇ ಸೊರಗಿರುವುದನ್ನು ಕಾರಣವಾಗಿ ತೋರಿಸುತ್ತಾರೆ. ಸೊರಗಿದ್ದಕ್ಕೆ ಮದ್ದು ಅನ್ನ. ಮನೆಯಿಂದ ಆಚೆ ಹಾಕುವುದಲ್ಲ.

ಶ್ರೀಮಂತರು ಕಲೆಗೆ ಹಣ ಹಾಕಬಾರದೆಂದು ನಾನು ಹೇಳುವುದಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಒಂದು ಖಾಸಗಿ ಕಲಾ ಸಂಗ್ರಹಾಲಯ ತನ್ನದೇ ಹೊಸ ಕಟ್ಟಡದಲ್ಲಿ ತೆರೆಯಿತು. ಬಹಳ ಸಂತೋಷ. ಹೋಗಿ ನೋಡಿ. ತಮ್ಮ ನೆಲದಲ್ಲಿ ತಮ್ಮ ಹಣದಿಂದ ಕಟ್ಟುವುದು ಸಾಧ್ಯ ಎಂದು ಇದರಿಂದಲೇ ಸಿದ್ಧವಾಯಿತಲ್ಲ. ಮತ್ತೆ ಜನರ ಕಟ್ಟಡದ ಮೇಲೆ ಕಣ್ಣೇಕೆ?

ಆ ಗ್ಯಾಲರಿಯಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದುಬಂದಿತ್ತು, ಪತ್ರಿಕೆಯವರು ಅದನ್ನು ಸರಿಯಾಗಿ ಹೇಳಲೇ ಇಲ್ಲ. ಅಲ್ಲಿನ ಹಾಲುಗಳನ್ನು ಕಡಿಮೆ ಬಾಡಿಗೆಗೆ ಕಲಾವಿದರಿಗೆ ಕೊಡುತ್ತಿದ್ದರು. ಚಿತ್ರಕಲಾ ಶಾಲೆಯಿಂದ ಆಗತಾನೆ ಹೊರಬಂದ ಹುಡುಗಿ ಏನು ಮಾಡಬೇಕು ಹೇಳಿ. ಖಾಸಗಿ ಗ್ಯಾಲರಿಯವರು ಮಾರಾಟವಾಗುವ ಹೆಸರನ್ನು ನೋಡುತ್ತಾರೆ, ಮಾರಿದರೆ ಪಾಲು ಕೇಳುತ್ತಾರೆ. ಅವರ ವ್ಯಾಪಾರ ಅದು, ತಪ್ಪೆನ್ನುವಂತಿಲ್ಲ. ಆದರೆ ಹಾವೇರಿಯಿಂದಲೋ ಗದಗಿನಿಂದಲೋ ಹತ್ತು ಚಿತ್ರ ಕಟ್ಟಿಕೊಂಡು ಬಸ್ಸಿನಲ್ಲಿ ಬರುವವಳಿಗೆ, ‘ನೀನು ಯಾರು, ಯಾರ ಪೈಕಿ’ ಎಂದು ಕೇಳದೆ ಗೋಡೆ ಕೊಡುವ ಜಾಗ ಒಂದಾದರೂ ಇರಬೇಡವೆ? ನಮ್ಮ ಎಷ್ಟೋ ಕಲಾವಿದರು ಮೊದಲ ಪ್ರದರ್ಶನ ಮಾಡಿದ್ದು ಇಂಥ ಗೋಡೆಗಳ ಮೇಲೆ. ಬೀದಿಗಿಳಿದವರು ಸುಮ್ಮನೆ ಇಳಿದದ್ದಲ್ಲ.

ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೊರಟು ಮುಂಬಯಿಯಲ್ಲಿ ಹೆಸರಾದ ಕೆ.ಕೆ. ಹೆಬ್ಬಾರರು ತಮ್ಮ ಚಿತ್ರಗಳನ್ನು ಇದೇ ಗ್ಯಾಲರಿಗೆ ದಾನವಾಗಿ ಕೊಟ್ಟರು. ಮಾರಿದ್ದರೆ ಲಕ್ಷಗಟ್ಟಲೆ ಬರುತ್ತಿತ್ತು. ಅವರು ಕೊಟ್ಟದ್ದು ಯಾರಿಗೆ? ಇಲಾಖೆಯ ಕಾರ್ಯದರ್ಶಿಗಲ್ಲ, ಯಾವ ಪ್ರತಿಷ್ಠಾನಕ್ಕೂ ಅಲ್ಲ. ನನಗೆ, ನಿಮಗೆ, ನನ್ನ ಕೊನೆಯ ಬೆಂಚಿನ ಹುಡುಗರಿಗೆ. ದಾನ ತೆಗೆದುಕೊಂಡವರು ಅದನ್ನು ಮತ್ತೊಬ್ಬರ ಕೈಗೆ ದಾಟಿಸುವ ಮೊದಲು ಯಾರನ್ನು ಕೇಳಬೇಕಿತ್ತು?

ನಮ್ಮ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಶಾಲಾ ಪ್ರವಾಸ ಎಂದರೆ ಬೆಂಗಳೂರಿನಲ್ಲಿ ಲಾಲ್‌ಬಾಗ್, ವಿಧಾನಸೌಧದ ಮುಂದೆ ಒಂದು ಫೋಟೋ, ವಿಶ್ವೇಶ್ವರಯ್ಯ ಮ್ಯೂಸಿಯಂ. ಪಕ್ಕದ ಕಟ್ಟಡದ ಹತ್ತಿರ ಬಸ್ಸು ನಿಲ್ಲುವುದಿಲ್ಲ. ‘ಅಲ್ಲೇನಿದೆ, ಚಿತ್ರ ತಾನೆ?’ ಈ ಮಾತನ್ನು ಹೆಚ್ಚಾಗಿ ಆಡುವವರು ನಾವು ಹೆಂಗಸರು. ದಿನಾ ಬೆಳಗ್ಗೆ ಹೊಸ್ತಿಲ ಮುಂದೆ ಎಳೆ ತಪ್ಪದ ರಂಗೋಲಿ ಹಾಕುವವರು, ಸೀರೆಯ ಬಣ್ಣಕ್ಕೆ ಹೊಂದುವ ಕುಪ್ಪಸ ಹುಡುಕಲು ಮೂರು ಅಂಗಡಿ ಹತ್ತಿ ಇಳಿಯುವವರು, ಬಣ್ಣ ತಿಳಿಯುವುದಿಲ್ಲ ಎನ್ನುತ್ತೇವೆ! ಧಾರವಾಡದ ಕಡೆಯ ಕಸೂತಿ, ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಚಿತ್ತಾರ, ಇವು ವೆಂಕಟಪ್ಪನವರ ಬೆಟ್ಟಗಳ ಪಕ್ಕದಲ್ಲಿ ಏಕೆ ಇರಬಾರದು ಎಂದು ನಾವು ಕೇಳಬಹುದು. ಸರ್ಕಾರದ ಗ್ಯಾಲರಿಯಾದರೆ ಕೇಳುವುದು ನಮ್ಮ ಹಕ್ಕು. ಖಾಸಗಿಯಾದರೆ ಅದು ವಿನಂತಿ. ಯಜಮಾನರ ಮರ್ಜಿ.

ಕೇಳುವ ದಾರಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯಿದೆ ಬೆಂಗಳೂರಿನವರಿಗೆ ಮಾತ್ರ ಮಾಡಿದ್ದಲ್ಲ. ವೆಂಕಟಪ್ಪನವರ, ಹೆಬ್ಬಾರರ ಕೃತಿಗಳು ಒಟ್ಟು ಎಷ್ಟು, ಎಷ್ಟು ಗೋಡೆಯ ಮೇಲಿವೆ, ಎಷ್ಟು ಉಗ್ರಾಣದಲ್ಲಿವೆ, ಕಳೆದ ವರ್ಷ ಅವುಗಳ ರಕ್ಷಣೆಗೆ ಎಷ್ಟು ಖರ್ಚಾಯಿತು, ಯಾರೊಂದಿಗೆ ಯಾವ ಒಪ್ಪಂದ ಇದೆ ಎಂದು ಐದು ಪ್ರಶ್ನೆ ಬರೆದು ಇಲಾಖೆಗೆ ಕಳಿಸಿ. ಶುಲ್ಕ 10 ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬರೆಯಲು ಬೇಸರವಾದರೆ ಒಂಬತ್ತನೇ ತರಗತಿಯ ನಿಮ್ಮ ಮಗಳಿಗೆ ಹೇಳಿ, ಪತ್ರಲೇಖನ ಅವಳ ಪಾಠದಲ್ಲೇ ಇದೆ.