ತಾನು ಬೆಳ್ಳಗಾಗದ ಇದ್ದಿಲು

ಇದ್ದಿಲನ್ನು ಹಾಲಿನಲ್ಲಿ ತೊಳೆದರೂ ಬೆಳ್ಳಗಾದೀತೆ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಎಷ್ಟು ತಿದ್ದಿದರೂ ತಿದ್ದಿಕೊಳ್ಳದ ಸ್ವಭಾವಕ್ಕೆ ಅದನ್ನೇ ದೃಷ್ಟಾಂತವಾಗಿ ನಿಲ್ಲಿಸಿದರು. ಗಾದೆ ಸುಳ್ಳಲ್ಲ. ಆದರೆ ತಾನು ಬೆಳ್ಳಗಾಗಲೊಲ್ಲದ ಈ ಪದಾರ್ಥವೇ ಸಕ್ಕರೆಯ ಪಾಕವನ್ನು ಬೆಳ್ಳಗೆ ಮಾಡುವುದೆಂಬುದನ್ನೂ, ಕುಡಿಯುವ ನೀರಿನ ದುರ್ವಾಸನೆಯನ್ನು ಕಳೆಯುವುದೆಂಬುದನ್ನೂ, ವಿಷವುಂಡವನ ಹೊಟ್ಟೆಯೊಳಗೆ ಇಳಿದು ಆ ವಿಷವನ್ನು ಹಿಡಿದಿಡುವುದೆಂಬುದನ್ನೂ ಅವರು ಬಲ್ಲವರಾಗಿದ್ದರೆ ಇದ್ದಿಲಿಗೆ ಇಷ್ಟು ಅಪಕೀರ್ತಿ ಬರುತ್ತಿರಲಿಲ್ಲವೇನೋ. ಹಿರಿಯರ ಮಾತು ಹಾಗಿರಲಿ; ತೆಂಗಿನ ಸೀಮೆಯೆಂದು ಹೆಸರಾದ ತುಮಕೂರು ಜಿಲ್ಲೆಯ ನಾವು, ತೋಟತೋಟದಲ್ಲಿಯೂ ಚಿಪ್ಪಿನ ರಾಶಿಯನ್ನು ಕಾಣುವ ನಾವು, ಇಂದಿಗೂ ಇದ್ದಿಲನ್ನು ಬರಿಯ ಉರುವಲೆಂದೇ ಬಗೆದಿರುವುದು ಮಾತ್ರ ವಿಚಾರಾರ್ಹವಾದ ಸಂಗತಿ.

ತುಮಕೂರಿನ ಎಸ್.ಎಸ್.ಪುರಂನ ಒಂದು ಅಡ್ಡರಸ್ತೆಯಲ್ಲಿ ಹೊಂಗೆಯ ನೆರಳಿಗೆ ನಿಲ್ಲುವ ಇಸ್ತ್ರಿಯ ತಳ್ಳುಗಾಡಿಯ ಮುಂದೆ ನಾನು ಬೆಳಗಿನ ಹೊತ್ತು ಎಷ್ಟೋ ಸಲ ಕಾದು ನಿಂತಿದ್ದೇನೆ. ಇಸ್ತ್ರಿಯವನು ಹಿತ್ತಾಳೆಯ ಪೆಟ್ಟಿಗೆಯ ಮುಚ್ಚಳವನ್ನೆತ್ತಿ, ಎರಡು ಕೆಂಡದ ಮೇಲೆ ಹಿಡಿಯಷ್ಟು ಚಿಪ್ಪಿನ ಇದ್ದಿಲನ್ನು ಸುರಿದು, ರಸ್ತೆಗೆ ಬಂದು ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ನಾಲ್ಕು ಬಾರಿ ತೂಗಿದನೆಂದರೆ, ಬದಿಯ ತೂತುಗಳಲ್ಲಿ ಕೆಂಪು ಮೂಡುತ್ತದೆ. ಸೌದೆಯ ಇದ್ದಿಲು ಅಗ್ಗವಲ್ಲವೇ ಎಂದು ಒಮ್ಮೆ ಕೇಳಿದೆ. "ಅದು ಕಿಡಿ ಹಾರಿಸುತ್ತೆ ಸಾರ್, ನಿಮ್ಮ ಬಿಳಿ ಅಂಗಿಗೆ ತೂತು ಬೀಳುತ್ತೆ. ಚಿಪ್ಪಿಂದು ಸದ್ದಿಲ್ಲದೆ ಕೂತ ಕಡೆ ಕಾವು ಕೊಡುತ್ತೆ" ಎಂದನು. ಚಿಪ್ಪಿನ ಇದ್ದಿಲು ಗಟ್ಟಿ, ಸಾಂದ್ರ, ಬೂದಿ ಕಡಿಮೆ ಎಂಬ ಶಾಸ್ತ್ರವಾಕ್ಯವನ್ನು ಅವನು ತನ್ನ ಕಸುಬಿನ ಭಾಷೆಯಲ್ಲಿ ಹೇಳಿಬಿಟ್ಟಿದ್ದನು. ಗುಬ್ಬಿಯ ಪೇಟೆಯಲ್ಲಿ ಅಕ್ಕಸಾಲಿಯ ಮುಂದೆ ಕುಳಿತರೆ ಇದೇ ವಸ್ತುವಿನ ಮತ್ತೊಂದು ಗುಣ ಕಾಣುತ್ತದೆ. ಮೂಗುಬೊಟ್ಟಿನಷ್ಟು ಸಣ್ಣ ಒಡವೆಯನ್ನು ಅವನು ಇದ್ದಿಲ ತುಂಡಿನ ಮೇಲಿಟ್ಟು, ಬಿಳಿಗಾರ ಸವರಿ, ಊದುಗೊಳವೆಯಿಂದ ಜ್ವಾಲೆಯನ್ನು ಬಾಗಿಸಿ ಬೆಸುಗೆ ಹಾಕುತ್ತಾನೆ. ಸುತ್ತಲಿನ ಆಮ್ಲಜನಕವನ್ನು ಇದ್ದಿಲು ತಾನೇ ನುಂಗಿಕೊಳ್ಳುವುದರಿಂದ ಲೋಹ ಕರಕಾಗದೆ ಹೊಳಪನ್ನು ಉಳಿಸಿಕೊಳ್ಳುತ್ತದೆ.

ನಮ್ಮ ಕಚೇರಿಗಳಿಗೂ ಇದ್ದಿಲಿನ ಋಣವಿದೆಯೆಂದರೆ ಓದುಗರು ನಗಬಹುದು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಗ್ರಾಮ ಪಂಚಾಯಿತಿಯವರೆಗೆ ದಿನವೂ ನೂರು ಬಾಯಲ್ಲಿ ಓಡಾಡುವ 'ಕಡತ'ವೆಂಬ ಶಬ್ದಕ್ಕೆ ಮೂಲಾರ್ಥವೇನು? ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ, ಬಟ್ಟೆಗೆ ಲೇಪಿಸಿ, ಒಣಗಿಸಿ, ಮಡಿಕೆಮಡಿಕೆಯಾಗಿ ಜೋಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ವರ್ತಕರೂ ಮಠಗಳೂ ಈ ಕಡತಗಳಲ್ಲಿ ಇಟ್ಟ ಲೆಕ್ಕಪತ್ರಗಳು ಇಂದು ಚರಿತ್ರಕಾರರಿಗೆ ಆಕರಗಳಾಗಿವೆ. ಶೃಂಗೇರಿಯ ಮಠದ ಕಡತಗಳು ಪ್ರಸಿದ್ಧವಾದುವು. ಕಾಗದ ಬಂದಿತು, ಇದ್ದಿಲು ಅಳಿಯಿತು, ಹೆಸರು ಉಳಿಯಿತು.

ಕೈಗಾರಿಕೆಯ ಕಡೆಗೆ ತಿರುಗಿದರೆ ನಮ್ಮ ನಾಡಿನ ಇದ್ದಿಲಿನ ಇತಿಹಾಸ ಇನ್ನೂ ಗಂಭೀರವಾದುದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತಿನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಬೆಟ್ಟದಿಂದ ಮಳೆನೀರು ಹೊತ್ತು ತರುತ್ತಿದ್ದ ಕಪ್ಪು ಮರಳು, ಮಣ್ಣಿನ ಕುಲುಮೆ, ತಿದಿ ಮತ್ತು ಇದ್ದಿಲು, ಇಷ್ಟೇ ಅಲ್ಲಿನ ಬಂಡವಾಳ. ಕುಲುಮೆಯಲ್ಲಿ ಇದ್ದಿಲು ಮಾಡುತ್ತಿದ್ದ ಕೆಲಸ ಎರಡು: ಕಾವು ಕೊಡುವುದೊಂದು, ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುವುದೊಂದು. ಆ ಕಬ್ಬಿಣವನ್ನು ಮೂಸೆಯಲ್ಲಿ ಮುಚ್ಚಿ ಕಾಯಿಸಿದಾಗ ಇಂಗಾಲದ ಅಂಶ ಅದರೊಳಗೆ ಸೇರಿ ಉಕ್ಕಾಗುತ್ತಿದ್ದಿತು. ಯೂರೋಪಿನ ವಿದ್ವಾಂಸರು 'ವೂಟ್ಸ್' ಎಂದು ಕರೆದು ಬೆರಗಾದ ಲೋಹದ ಹೆಸರು ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂಬುದು ಬಹುಮಂದಿ ಒಪ್ಪಿದ ಸಂಗತಿ. ಇಂಗಾಲವೆಂಬ ಶಬ್ದವಾದರೂ ಸಂಸ್ಕೃತದ ಅಂಗಾರದಿಂದ, ಎಂದರೆ ಇದ್ದಿಲಿನಿಂದಲೇ ಬಂದುದು.

ಮುಂದೆ 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿದಾಗ, ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ, ಮಲೆನಾಡಿನ ಮರದ ಇದ್ದಿಲೇ ಆ ಊದುಕುಲುಮೆಯ ಆಹಾರವಾಯಿತು. ಅದಕ್ಕಾಗಿ ಕಾಡು ಕರಗಿದುದನ್ನು ನಾನು ಮರೆಮಾಚಲಾರೆ. ಆದರೆ ಅಲ್ಲಿ ಗಮನಿಸತಕ್ಕ ವಿವೇಕವೊಂದಿದ್ದಿತು. ಸೌದೆಯನ್ನು ಬಯಲಿನಲ್ಲಿ ಸುಟ್ಟು ಹೊಗೆಯನ್ನು ಆಕಾಶಕ್ಕೆ ಬಿಡದೆ, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಹೊಗೆಯನ್ನು ತಂಪುಗೊಳಿಸಿ, ಅದರಿಂದ ಮದ್ಯಸಾರದ ಜಾತಿಯ ಮೆಥನಾಲನ್ನೂ, ಅಸಿಟಿಕ್ ಆಮ್ಲದ ಲವಣವನ್ನೂ, ಟಾರನ್ನೂ ಬೇರ್ಪಡಿಸುವ ಸ್ಥಾವರವನ್ನು ಅಲ್ಲಿ ಕಟ್ಟಿದ್ದರು. ಹೊಗೆಯೂ ಸರಕೇ ಎಂಬ ಅರಿವು ಸಂಸ್ಥಾನದ ಯಂತ್ರಶಿಲ್ಪಿಗಳಿಗೆ ನೂರು ವರ್ಷಗಳ ಹಿಂದೆಯೇ ಇದ್ದಿತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯಲ್ಲಿ ಇದರ ಅಗತ್ಯ ಬೀಳುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ರಸ್ತೆಗಳ ಮೇಲೆ ಇದ್ದಿಲಿನ ಬಸ್ಸುಗಳು ಓಡಿದುವು. ಬಸ್ಸಿನ ಹಿಂಬದಿಗೆ ಉದ್ದನೆಯ ಒಲೆಯೊಂದನ್ನು ಕಟ್ಟಿ, ಕ್ಲೀನರ್ ಹುಡುಗನು ಹೊರಡುವ ಮುನ್ನ ಗಾಳಿಯ ಚಕ್ರವನ್ನು ಬೆವರು ಸುರಿಯುವಂತೆ ತಿರುಗಿಸಿ ಕೆಂಡವನ್ನೆಬ್ಬಿಸುತ್ತಿದ್ದನೆಂದೂ, ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಾಗಿತ್ತೆಂದೂ ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ನಿಗಿನಿಗಿ ಕೆಂಡದ ನಡುವೆ ಹಾದುಹೋಗುವ ಗಾಳಿ ಕಾರ್ಬನ್ ಮಾನಾಕ್ಸೈಡೆಂಬ ಉರಿಯುವ ಅನಿಲವಾಗುತ್ತದೆ. ಆ ಅನಿಲವೇ ಎಂಜಿನ್ನನ್ನು ನಡೆಸುತ್ತದೆ. ಮುಚ್ಚಿದ ಕೋಣೆಯಲ್ಲಿ ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದವರ ಪ್ರಾಣವನ್ನು ತೆಗೆಯುವುದೂ ಅದೇ ಅನಿಲ.

ಯುದ್ಧ ಮುಗಿದು ಮರೆತುಹೋಗಿದ್ದ ಆ ವಿದ್ಯೆ ಮತ್ತೆ ಕಣ್ತೆರೆದುದು ನಮ್ಮ ಕುಣಿಗಲ್ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಕೇಂದ್ರವು ಗ್ರಾಮಗಳಿಗೊಪ್ಪುವ ತಂತ್ರಜ್ಞಾನವನ್ನು ಅರಸಿ ಈ ತಾಲ್ಲೂಕಿನ ಉಂಗ್ರದಲ್ಲಿ ತನ್ನ ವಿಸ್ತರಣಾ ಕೇಂದ್ರವನ್ನು ತೆರೆಯಿತು. 1980ರ ದಶಕದ ಕೊನೆಯ ಹೊತ್ತಿಗೆ ಅದೇ ತಾಲ್ಲೂಕಿನ ಹೊಸಹಳ್ಳಿಯೆಂಬ ಪುಟ್ಟ ಗ್ರಾಮದಲ್ಲಿ ಸೌದೆಯ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪವನ್ನೂ, ಮುಂದೆ ಕುಡಿಯುವ ನೀರನ್ನೂ, ಹಿಟ್ಟಿನ ಗಿರಣಿಯನ್ನೂ ಒದಗಿಸಿತು. ಆ ಯಂತ್ರಕ್ಕೆ ಹಾಕುವುದು ಸೌದೆಯಾದರೂ ಅದರ ಹೃದಯ ಇದ್ದಿಲೇ: ಸೌದೆ ಅರೆಬೆಂದು ಇದ್ದಿಲಾಗಿ ಕೆಳಗೆ ಕೂತ ಕೆಂಡದ ಹಾಸಿನ ಮೂಲಕ ಹಾದಾಗಲೇ ಹೊಗೆ ಶುದ್ಧವಾಗಿ, ಎಂಜಿನ್ನಿಗೆ ಯೋಗ್ಯವಾದ ಅನಿಲವಾಗುತ್ತದೆ. ಇದೇ ಮಾರ್ಗದಲ್ಲಿ ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ದೊಡ್ಡ ಘಟಕವೊಂದು ಎದ್ದು, ವಿದ್ಯುತ್ತನ್ನು ಸರ್ಕಾರಿ ಜಾಲಕ್ಕೆ ಕೊಟ್ಟಿತು. ಇಂಥ ಪ್ರಯೋಗಗಳನ್ನು ಕಣ್ಣೆದುರಿಗೇ ಕಂಡ ಜಿಲ್ಲೆ ದೇಶದಲ್ಲಿ ವಿರಳ.

ಇದ್ದಿಲಿನ ಪರಮ ಸೋಜಿಗವಾದರೋ ಅದು ಉರಿಯದೆ ಇದ್ದಾಗ ಮಾಡುವ ಕೆಲಸದಲ್ಲಿದೆ. 1785ರಲ್ಲಿ ಟೊಬಿಯಾಸ್ ಲೊವಿಟ್ಸ್ ಎಂಬ ರಸಾಯನಜ್ಞನು ಬಣ್ಣಗೆಟ್ಟ ದ್ರವಗಳಿಗೆ ಇದ್ದಿಲನ್ನು ಬೆರೆಸಿದರೆ ಅವು ತಿಳಿಯಾಗುವುದನ್ನು ಕಂಡನು. ಕೆಲವೇ ದಶಕಗಳಲ್ಲಿ ಯೂರೋಪಿನ ಸಕ್ಕರೆಯ ಕಾರ್ಖಾನೆಗಳು ಕಂದು ಪಾಕವನ್ನು ಇದ್ದಿಲಿನಲ್ಲಿ ಸೋಸಿ ಬಿಳಿಯ ಸಕ್ಕರೆಯನ್ನು ತೆಗೆದುವು. ಇದಕ್ಕೆ ಕಾರಣ ಇದ್ದಿಲಿನೊಳಗಿನ ಬರಿದು. ಚಿಪ್ಪಿನ ಇದ್ದಿಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹಬೆ ಹಾಯಿಸಿ ಕಾಯಿಸಿದರೆ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳು ತೆರೆದುಕೊಳ್ಳುತ್ತವೆ. ಆ ರಂಧ್ರಗಳ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಲು ಸಾಧ್ಯವಾದರೆ ಒಂದೇ ಗ್ರಾಂ ಇದ್ದಿಲು ಸುಮಾರು ಸಾವಿರ ಚದರ ಮೀಟರು, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಹೊಲವಾಗುತ್ತದೆ. ಚಿಟಿಕೆಯಲ್ಲಿ ಹಿಡಿಯುವ ಕರಿಯ ಪುಡಿ ನಾಲ್ಕು ಗ್ರಾಮಿಗೆ ಒಂದು ಎಕರೆ! ವಾಸನೆ, ಬಣ್ಣ, ವಿಷದ ಕಣಗಳು ಆ ಗೋಡೆಗಳಿಗೆ ಅಂಟಿಕೊಂಡು ಅಲ್ಲಿಯೇ ಉಳಿಯುತ್ತವೆ. ಹೀಗೆ ಹದಗೊಳಿಸಿದುದಕ್ಕೆ ಸಕ್ರಿಯ ಇಂಗಾಲವೆಂದು ಹೆಸರು.

ಈ ಒಂದು ಗುಣದಿಂದ ಅದು ಎಲ್ಲೆಲ್ಲಿಗೆ ಹೋಗಿಲ್ಲ! ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಮ್ಮಿನ ಈಪ್ರ ರಣರಂಗದಲ್ಲಿ ಕ್ಲೋರಿನ್ ವಿಷಾನಿಲ ಹರಿದ ಬಳಿಕ ಸೈನಿಕರ ಮುಖವಾಡಗಳಿಗೆ ಇದ್ದಿಲನ್ನು ತುಂಬಿದರು. ಆ ಯುದ್ಧದ ಕೊನೆಯ ವರ್ಷದಲ್ಲಿ ಅಮೆರಿಕೆಯಲ್ಲಿ ಮನೆಮನೆಯಿಂದ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ಇದಕ್ಕಾಗಿಯೇ ಸಂಗ್ರಹಿಸಿದರು. ಜಗತ್ತಿನ ಅನೇಕ ಚಿನ್ನದ ಗಣಿಗಳಲ್ಲಿ ಸಯನೈಡು ದ್ರಾವಣದೊಳಗಿನ ಚಿನ್ನವನ್ನು ಹಿಡಿಯುವುದು ತೆಂಗಿನ ಚಿಪ್ಪಿನ ಸಕ್ರಿಯ ಇಂಗಾಲವೇ. ಕಲಕಿದರೂ ಪುಡಿಯಾಗದ ಅದರ ಕಾಠಿಣ್ಯ ಬೇರೆ ಇದ್ದಿಲಿಗಿಲ್ಲ. ಆಸ್ಪತ್ರೆಗಳಲ್ಲಿ ಕೆಲವು ಬಗೆಯ ವಿಷಪ್ರಾಶನಕ್ಕೆ, ಮೊದಲ ಒಂದು ಗಂಟೆಯೊಳಗೆ ರೋಗಿ ಬಂದರೆ, ವೈದ್ಯರು ಇದನ್ನು ಕುಡಿಸುತ್ತಾರೆ. ಆದರೆ ಮದ್ಯಕ್ಕೂ, ಆಮ್ಲಕ್ಷಾರಗಳಿಗೂ, ಕಬ್ಬಿಣದ ಮಾತ್ರೆಗಳಿಗೂ ಇದು ಮದ್ದಲ್ಲ. ಒಲೆಯ ಇದ್ದಿಲನ್ನು ಅರೆದು ಕುಡಿಸುವ ಸಾಹಸವನ್ನು ಯಾರೂ ಮಾಡತಕ್ಕುದಲ್ಲ. ನಮ್ಮ ಅಜ್ಜಂದಿರು ಇದ್ದಿಲಿನಿಂದ ಹಲ್ಲುಜ್ಜಿದರೆಂದು ಇಂದು ದುಬಾರಿ ಬೆಲೆಗೆ ಕರಿಯ ಟೂತ್‌ಪೇಸ್ಟನ್ನು ಕೊಳ್ಳುವವರು, ಒರಟಾಗಿ ಉಜ್ಜಿದರೆ ಹಲ್ಲಿನ ಹೊಳಪಿನ ಪದರವೇ ಸವೆಯುವುದೆಂಬುದನ್ನೂ ಅರಿತಿರಬೇಕು.

ಕಳೆದ ವರ್ಷ ನಮ್ಮ ಮನೆಯ ನೀರಿನ ಯಂತ್ರವನ್ನು ದುರಸ್ತಿ ಮಾಡಲು ಬಂದ ಹುಡುಗನು ಹಳೆಯ ಕೊಳವೆಯೊಂದನ್ನು ತೆಗೆದು ಮೂಲೆಗೆಸೆದನು. ಕುತೂಹಲದಿಂದ ಅದನ್ನು ಕೊಯ್ದು ನೋಡಿದೆ. ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಕರಿಯ ಕಾಳುಗಳು ಅಂಗಳದಲ್ಲಿ ಚೆಲ್ಲಿದುವು. ಹೊದಿಕೆಯ ಮೇಲೆ ತೆಂಗಿನ ಚಿಪ್ಪಿನ ಇಂಗಾಲವೆಂದು ಅಚ್ಚಾಗಿದ್ದಿತು. ನಮ್ಮ ಸೀಮೆಯ ಅನೇಕ ಕಡೆಗಳಲ್ಲಿ ನೀರಿಗಿರುವ ಫ್ಲೋರೈಡಿನ ಪೀಡೆಯನ್ನು ಈ ಕಾಳು ಕಳೆಯಲಾರದು, ಅದಕ್ಕೆ ಬೇರೆ ಪೊರೆ ಬೇಕು. ಆದರೆ ಆ ಪೊರೆಯನ್ನು ಕೆಡಿಸುವ ಕ್ಲೋರಿನ್ನನ್ನು ಮೊದಲೇ ತಡೆದು ಅದನ್ನು ಕಾಯುವುದು ಈ ಕಾಳೇ. ಅಂಗಳದಲ್ಲಿ ಚೆಲ್ಲಿದ ಆ ಕಾಳುಗಳನ್ನು ಗುಡಿಸುವಾಗ, ಹಿತ್ತಲಲ್ಲಿ ಬಿದ್ದಿರುವ ಚಿಪ್ಪನ್ನು ಬೆಲೆಯಿಲ್ಲದೆ ಮಾರಿ, ಅದನ್ನೇ ನೂರು ಪಟ್ಟು ಬೆಲೆಗೆ ಹಿಂದಕ್ಕೆ ಕೊಂಡುಕೊಳ್ಳುತ್ತಿರುವ ನಮ್ಮ ವ್ಯಾಪಾರದ ಜಾಣ್ಮೆಗೆ ನಗು ಬಂದಿತು.

ಆ ಚಿಪ್ಪು ಇದ್ದಿಲಾಗುವ ಬಗೆಯನ್ನು ಗುಬ್ಬಿಯ ಆಚೆಗೆ ಒಂದು ಗುಂಡಿಯ ಅಂಚಿನಲ್ಲಿ ನಿಂತು ನೋಡಿದ್ದೇನೆ. ಉಂಡೆಕೊಬ್ಬರಿ ಸುಲಿದ ಚಿಪ್ಪನ್ನು ಗುಂಡಿಗೆ ಸುರಿದು, ಉರಿ ಹೊತ್ತಿಸಿ, ಪದರಪದರವಾಗಿ ಮತ್ತೆ ಸುರಿದು, ಗುಂಡಿ ತುಂಬಿದ ಮೇಲೆ ತಗಡು ಮುಚ್ಚಿ ಮಣ್ಣೆಳೆಯುತ್ತಾರೆ, ಮರುದಿನ ಬಿಚ್ಚುತ್ತಾರೆ. ನೂರು ಕಿಲೋ ಚಿಪ್ಪಿಗೆ ಮೂವತ್ತು ಕಿಲೋ ಇದ್ದಿಲು ಬಂದರೆ ಒಳ್ಳೆಯ ಸುಡುವಿಕೆ. ಮಿಕ್ಕ ಎಪ್ಪತ್ತು ಹಾಲಿನಂಥ ದಟ್ಟ ಹೊಗೆಯಾಗಿ ಪಕ್ಕದ ತೋಟದ ಮೇಲೆ, ಊರಿನ ಮೇಲೆ ಇಳಿಯುತ್ತದೆ. ಕಣ್ಣುರಿ, ಕೆಮ್ಮು, ಒಗೆದ ಬಟ್ಟೆಗೆ ಅಂಟುವ ವಾಸನೆಗಳ ಬಗೆಗೆ ಊರವರು ದೂರು ಕೊಡುತ್ತಾರೆ, ಒಂದೆರಡು ವಾರ ಗುಂಡಿ ತಣ್ಣಗಿರುತ್ತದೆ, ಮತ್ತೆ ಹೊಗೆಯೇಳುತ್ತದೆ. ಸುಡುವವರನ್ನು ದೂಷಿಸುವುದು ಸುಲಭ. ಆದರೆ ಮಸಿ ಮೆತ್ತಿದ ಮೈಯಲ್ಲಿ ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಅಲ್ಲಿನ ಕೂಲಿಯವರೇ. ಗುಂಡಿಗಳನ್ನು ಮುಚ್ಚಿಸಿದರೆ ಮೊದಲು ಅನ್ನ ಕಳೆದುಕೊಳ್ಳುವವರೂ ಅವರೇ.

ಆದುದರಿಂದ ಬೇಕಾದುದು ನಿಷೇಧಕ್ಕಿಂತ ಮಿಗಿಲಾದ ವಿವೇಕ. ಹೊಗೆಯನ್ನು ಒಳಗೇ ಉರಿಸಿ ಅದರ ಕಾವಿನಿಂದಲೇ ಚಿಪ್ಪನ್ನು ಬೇಯಿಸುವ ಮುಚ್ಚಿದ ಗೂಡುಗಳು ಹೊಸ ವಿದ್ಯೆಯೇನಲ್ಲ. ಒಬ್ಬೊಬ್ಬ ಬಡ ಸುಡುವವನಿಗೆ ಅದರ ವೆಚ್ಚ ಭಾರವೆಂಬ ಆಕ್ಷೇಪಣೆ ನಿಜ. ಆದರೆ ತೆಂಗು ಬೆಳೆಗಾರರ ಸಂಘಗಳು, ಸಹಕಾರಿ ಸಂಸ್ಥೆಗಳು ಹತ್ತಾರು ಗ್ರಾಮಗಳಿಗೊಂದರಂತೆ ಗೂಡನ್ನು ಕಟ್ಟಿ, ಸುಡುವವರನ್ನೇ ಅಲ್ಲಿ ಕೆಲಸಗಾರರನ್ನಾಗಿ ಮಾಡಿಕೊಂಡರೆ ಭಾರ ಹಂಚಿಹೋಗುತ್ತದೆ. ಇದ್ದಿಲನ್ನು ಸಕ್ರಿಯಗೊಳಿಸುವ ಕೆಲಸವೂ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶವುಳ್ಳ ಈ ಜಿಲ್ಲೆಯಲ್ಲಿಯೇ ಹೆಚ್ಚು ಹೆಚ್ಚಾಗಿ ನಡೆಯತಕ್ಕುದು. ಸರ್ಕಾರ ಸಾಲವನ್ನೂ ಸಹಾಯಧನವನ್ನೂ ಕೊಡುವಾಗ ಕೊಬ್ಬರಿಯೊಂದನ್ನೇ ನೋಡದೆ ಅದರ ಚಿಪ್ಪನ್ನೂ ನೋಡಬೇಕು.

ಭದ್ರಾವತಿಯ ಮಾತನ್ನು ನೆನಪಿಡಬೇಕೆಂದು ಕೇಳಿಕೊಂಡಿದ್ದೆನಷ್ಟೆ. ಪರಾಧೀನವಾದ ಒಂದು ಸಂಸ್ಥಾನವು 1920ರ ದಶಕದಲ್ಲಿ ಸೌದೆಯ ಹೊಗೆಯನ್ನು ಹಿಡಿದು ಸೀಸೆಯಲ್ಲಿ ತುಂಬಿ ಮಾರಿತು. ನಾವು ಇಂದಿಗೂ ಚಿಪ್ಪಿನ ಹೊಗೆಯನ್ನು ನೆರೆಯವರ ಮಕ್ಕಳಿಗೆ ಕುಡಿಸುತ್ತಿದ್ದೇವೆ. ತೋಟವುಳ್ಳ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಲ ಚಿಪ್ಪಿನ ಗಾಡಿ ಮನೆಯ ಮುಂದೆ ನಿಂತಾಗ, ದರವನ್ನು ಕೇಳಿದ ಮೇಲೆ, ಇದನ್ನು ಎಲ್ಲಿ, ಹೇಗೆ ಸುಡುತ್ತೀರಿ ಎಂದೂ ಒಂದು ಮಾತು ಕೇಳಿರಿ.